ಸುಸ್ತು ಬೇರೆ, ಸೋಮಾರಿತನ ಬೇರೆ
(ಶಾಲಾ ಕ್ರೀಡಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ನಾನು ಭಾಷಾ ಶಿಕ್ಷಕ. ಆದ್ದರಿಂದ ಒಂದು ಪದದಿಂದಲೇ ಆರಂಭಿಸುತ್ತೇನೆ. ಕನ್ನಡದಲ್ಲಿ ‘ಸುಸ್ತು’ ಎಂದರೆ ದಣಿವು. ಉರ್ದುವಿನಲ್ಲಿ ‘ಸುಸ್ತ್’ ಎಂದರೆ ಸೋಮಾರಿ. ಫಾರಸಿಯಿಂದ ಬಂದ ಒಂದೇ ಪದ, ಎರಡು ಅರ್ಥ. ಎರಡೂ ಭಾಷೆ ಆಡುವ ನಮ್ಮ ಮಕ್ಕಳು ಇದನ್ನು ಕೇಳಿ ನಗಬಹುದು. ಆದರೆ ಮೈದಾನದಲ್ಲಿ ಹಿರಿಯರಾದ ನಾವೇ ಈ ಎರಡು ಅರ್ಥಗಳನ್ನು ಬೆರೆಸಿಬಿಡುತ್ತೇವೆ. ಚೆನ್ನಾಗಿ ಓಡುತ್ತಿದ್ದ ಹುಡುಗ ಹಿಂದೆ ಬಿದ್ದರೆ ‘ಸೋಮಾರಿಯಾಗಿದ್ದಾನೆ, ಇನ್ನೂ ನಾಲ್ಕು ಸುತ್ತು ಓಡಿಸಿ’ ಎನ್ನುತ್ತೇವೆ. ಅವನು ಓಡುತ್ತಾನೆ, ಮತ್ತಷ್ಟು ನಿಧಾನವಾಗುತ್ತಾನೆ.

ಇದು ಏಕೆ ಹೀಗೆ? ವ್ಯಾಯಾಮ ಮಾಡುವಾಗ ದೇಹ ದಣಿಯುತ್ತದೆ. ಬಲ ಬರುವುದು ಆಮೇಲೆ, ಊಟ ಮತ್ತು ನಿದ್ರೆಯ ಹೊತ್ತಿನಲ್ಲಿ. ಸ್ನಾಯುಗಳು ದುರಸ್ತಿಯಾಗುವುದೂ ಖರ್ಚಾದ ಶಕ್ತಿ ಮತ್ತೆ ತುಂಬುವುದೂ ಆಗಲೇ. ಆ ಬಿಡುವು ಸಿಗದಿದ್ದರೆ ದಣಿವಿನ ಮೇಲೆ ದಣಿವು ಸೇರುತ್ತದೆ. ಯುರೋಪಿಯನ್ ಕಾಲೇಜ್ ಆಫ್ ಸ್ಪೋರ್ಟ್ ಸೈನ್ಸ್ ಮತ್ತು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆಗಳು 2013ರಲ್ಲಿ ಜಂಟಿಯಾಗಿ ಇದರ ಹಂತಗಳನ್ನು ವಿವರಿಸಿದವು. ಮೊದಲ ಹಂತದ ದಣಿವು ಕೆಲವು ದಿನಗಳ ವಿಶ್ರಾಂತಿಯಿಂದ ಹೋಗುತ್ತದೆ, ಸಾಮರ್ಥ್ಯವೂ ಹೆಚ್ಚುತ್ತದೆ. ಎರಡನೆಯದು ವಾರಗಟ್ಟಲೆ ಕಾಡುತ್ತದೆ. ಮೂರನೆಯದಕ್ಕೆ ‘ಓವರ್‌ಟ್ರೇನಿಂಗ್ ಸಿಂಡ್ರೋಮ್’ ಎಂದು ಹೆಸರು. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು.

ಇದನ್ನು ಕಂಡುಹಿಡಿಯುವ ಒಂದೇ ರಕ್ತಪರೀಕ್ಷೆ ಇಲ್ಲ. ಹತ್ತಿರದವರ ಕಣ್ಣಿಗೆ ಮಾತ್ರ ಸುಳಿವುಗಳು ಬೀಳುತ್ತವೆ: ಮಲಗಿದರೂ ನಿದ್ರೆ ಬಾರದಿರುವುದು, ಹಸಿವು ಕಡಿಮೆಯಾಗುವುದು, ಸಣ್ಣದಕ್ಕೂ ಸಿಡುಕು, ಮೇಲಿಂದ ಮೇಲೆ ನೆಗಡಿ, ಇಷ್ಟದ ಆಟದಲ್ಲೇ ಬೇಸರ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತುಹೋದರೆ ಅದನ್ನು ಸಂಕೋಚದಿಂದ ಮುಚ್ಚಿಡಬಾರದು. ಶ್ರಮಕ್ಕೆ ತಕ್ಕಷ್ಟು ಆಹಾರ ಸಿಗುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು, ಮೂಳೆಗಳಿಗೂ ಅಪಾಯ.

ಕೆಲವೊಮ್ಮೆ ಕಾರಣ ತರಬೇತಿಯೇ ಆಗಿರುವುದಿಲ್ಲ. ಬ್ರಿಟನ್ನಿನ ಓಟಗಾರ ಸೆಬಾಸ್ಟಿಯನ್ ಕೋ ಅವರ ಓಟ 1983ರಲ್ಲಿ ಇದ್ದಕ್ಕಿದ್ದಂತೆ ಕುಸಿಯಿತು. ತಪಾಸಣೆಯಲ್ಲಿ ಟಾಕ್ಸೋಪ್ಲಾಸ್ಮೋಸಿಸ್ ಎಂಬ ಸೋಂಕು ಪತ್ತೆಯಾಯಿತು. ಗುಣವಾದ ಮೇಲೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದರು. ನಮ್ಮ ಮಕ್ಕಳಲ್ಲಿ ರಕ್ತಹೀನತೆಯೂ ಇಂಥದೇ ಕಾರಣವಾಗಬಹುದು. ಆದ್ದರಿಂದ ಬೈಯುವ ಮೊದಲು ವೈದ್ಯರ ಬಳಿಗೆ ಕರೆದೊಯ್ಯಿರಿ.

ವಿಶ್ರಾಂತಿಯ ಬೆಲೆ ತಿಳಿಯಲು ಇನ್ನೊಬ್ಬರ ಕಥೆ ಕೇಳಿ. ರೋಜರ್ ಬ್ಯಾನಿಸ್ಟರ್ ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿ. ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡುವುದು ಅವರ ಗುರಿ. ನಡುನಡುವೆ ಎರಡು ನಿಮಿಷ ಬಿಡುವು ಕೊಟ್ಟು ಕಾಲು ಮೈಲಿಯನ್ನು ಹತ್ತು ಬಾರಿ ಓಡುವ ಅಭ್ಯಾಸ ಮಾಡುತ್ತಿದ್ದರು. 1954ರ ವಸಂತದಲ್ಲಿ ಪ್ರತಿ ಸುತ್ತು 61 ಸೆಕೆಂಡಿಗೆ ನಿಂತುಬಿಟ್ಟಿತು. ಏನು ಮಾಡಿದರೂ 60 ದಾಟಲಿಲ್ಲ. ಆಗ ಅವರು ಓಟ ನಿಲ್ಲಿಸಿ, ಗೆಳೆಯ ಕ್ರಿಸ್ ಬ್ರಾಶರ್ ಜೊತೆ ಸ್ಕಾಟ್ಲೆಂಡಿಗೆ ಬೆಟ್ಟ ಹತ್ತಲು ಹೋದರು. ಕೆಲವು ದಿನಗಳ ಬಳಿಕ ಬಂದು ಓಡಿದಾಗ ಸುತ್ತು 59 ಸೆಕೆಂಡಿಗೆ ಇಳಿದಿತ್ತು. ಸ್ಪರ್ಧೆಗೆ ಮುಂಚಿನ ಕೆಲವು ದಿನವೂ ವಿಶ್ರಾಂತಿ ಪಡೆದರು. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಮುಗಿಸಿ ಇತಿಹಾಸ ಬರೆದರು. ತಿಂಗಳುಗಳ ಕಠಿಣ ಶ್ರಮವಿಲ್ಲದೆ ಇದು ಆಗುತ್ತಿರಲಿಲ್ಲ ಎಂಬುದನ್ನೂ ಮರೆಯಬೇಡಿ. ಆ ಶ್ರಮ ಫಲ ಕೊಟ್ಟದ್ದು ಬಿಡುವು ಸಿಕ್ಕಾಗ.

ವಿದ್ಯಾರ್ಥಿಗಳೇ, ಒಂದು ನೋಟ್‌ಬುಕ್ ಇಡಿ. ಎಷ್ಟು ಓಡಿದಿರಿ, ಎಷ್ಟು ಗಂಟೆ ಮಲಗಿದಿರಿ, ಬೆಳಿಗ್ಗೆ ಮನಸ್ಸು ಹೇಗಿತ್ತು ಎಂದು ದಿನವೂ ಎರಡು ಸಾಲು ಬರೆಯಿರಿ. ವಾರಕ್ಕೆ ಒಂದು ದಿನವಾದರೂ ಪೂರ್ಣ ಬಿಡುವು ಇರಲಿ. ಪರೀಕ್ಷೆಯ ಓದು, ನಿದ್ದೆಗೇಡು, ಮನೆಯ ಚಿಂತೆ ಇವೂ ದೇಹಕ್ಕೆ ಹೊರೆಯೇ. ಅಂಥ ದಿನಗಳಲ್ಲಿ ಅಭ್ಯಾಸ ಕಡಿಮೆ ಮಾಡಿ. ‘ಸಾರ್, ಸುಸ್ತಾಗಿದೆ’ ಎಂದು ಹೇಳಲು ನಾಚಬೇಡಿ.

ಪೋಷಕರೇ, ಸಹೋದ್ಯೋಗಿ ಶಿಕ್ಷಕರೇ, ಮಗು ಹಾಗೆ ಹೇಳಿದಾಗ ಆ ಪದವನ್ನು ಕನ್ನಡದ ಅರ್ಥದಲ್ಲೇ ಕೇಳಿಸಿಕೊಳ್ಳೋಣ.