ಗ್ಲೈಡರಿನ ಎಚ್ಚರಿಕೆಯ ಫಲಕ ಮತ್ತು ಓದುವ ಕಣ್ಣು

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಜ್ಞಾನ ಪ್ರದರ್ಶನದ ಸಮಾರೋಪದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ವೇದಿಕೆಯಲ್ಲಿ ಮುಖ್ಯಾಧ್ಯಾಪಕಿಯಾದವಳು ಶಾಲೆಯ ಇತಿಹಾಸವನ್ನು ಹೇಳುವುದು ವಾಡಿಕೆ. ಆ ಕೆಲಸವನ್ನು ನಮ್ಮ ಹಿರಿಯರು ನಿನ್ನೆ ಇದೇ ಸ್ಥಳದಲ್ಲಿ ನಿಂತು ನನಗಿಂತ ಚೆನ್ನಾಗಿ ನೆರವೇರಿಸಿದ್ದಾರೆ. ಆದ್ದರಿಂದ ಇಂದು ನಾನು ಒಂದು ಚಿಕ್ಕ ಉಪಕರಣದ ಬಗ್ಗೆ ಮಾತನಾಡಲು ಅನುಮತಿ ಬೇಡುತ್ತೇನೆ. ನಾನು ವಿಜ್ಞಾನದ ಶಿಕ್ಷಕಿಯಲ್ಲ, ಕನ್ನಡ ಎಂ.ಎ. ಮಾಡಿದವಳು. ಆದರೆ ಈ ಉಪಕರಣದ ಪ್ರಶ್ನೆ ಓದಿಗೆ ಸಂಬಂಧಪಟ್ಟದ್ದು. ಓದು ನನ್ನ ವೃತ್ತಿಯಾದುದರಿಂದ ಇದರಲ್ಲಿ ನನಗೂ ಒಂದು ಪಾಲುಂಟು ಎಂದು ಭಾವಿಸಿದ್ದೇನೆ.

ಜರ್ಮನಿಯಲ್ಲಿ ಎಂಜಿನಿಯರನಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ರಜೆಯಲ್ಲಿ ಊರಿಗೆ ಬಂದಾಗ ಶಾಲೆಗೂ ಬಂದಿದ್ದ. ಬಿಡುವಿನ ದಿನಗಳಲ್ಲಿ ಅವನು ಗ್ಲೈಡರ್ ಹಾರಿಸುತ್ತಾನೆ. ತನ್ನ ಗ್ಲೈಡರಿನ ಚಾಲಕನ ಕೋಣೆಯ ಚಿತ್ರಗಳನ್ನು ತೋರಿಸುತ್ತ, ಒಂದು ಗುಂಡನೆಯ ಸಣ್ಣ ಫಲಕದ ಮೇಲೆ ಬೆರಳಿಟ್ಟು, "ಅಕ್ಕೋರೆ, ಇದನ್ನ ಭಾಳ ಹೊತ್ತು ನೋಡಬಾರದ್ರಿ. ನೋಡಕೋತ ಕುಂತ್ರ ಸತ್ತಂಗ" ಎಂದ. ಓದಲೆಂದೇ ಮಾಡಿದ ಫಲಕವನ್ನು ಬಹಳ ಹೊತ್ತು ಓದಬಾರದು ಎಂದರೇನು? ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಎಂಟನೆಯ ತರಗತಿಯ ಮಕ್ಕಳು ಈ ಪ್ರದರ್ಶನಕ್ಕಾಗಿ ಅದರ ಮಾದರಿಯನ್ನು ಮಾಡಿದ್ದೂ ಅದೇ ಮಾತಿನಿಂದ.

ಗ್ಲೈಡರ್ ಎಂದರೆ ಎಂಜಿನ್ನಿನ ಬಲವಿಲ್ಲದೆ ಹಾರುವ ವಿಮಾನ. ಹಗ್ಗದಿಂದ ಎಳೆದೋ ಇನ್ನೊಂದು ವಿಮಾನಕ್ಕೆ ಕಟ್ಟಿಯೋ ಅದನ್ನು ಮೇಲಕ್ಕೇರಿಸಿ ಬಿಡುತ್ತಾರೆ. ಪುಣೆಗೆ ಹೋಗುವ ನಮ್ಮ ಸೊಲ್ಲಾಪುರದ ರೈಲು ದಾಟುವ ಹಡಪಸರದಲ್ಲಿ ಸರಕಾರದ ಗ್ಲೈಡಿಂಗ್ ಕೇಂದ್ರವೇ ಇದೆ. ಅದನ್ನು ನೋಡದವರೂ ನಮ್ಮ ಅಕ್ಕಲಕೋಟ ಸೀಮೆಯ ಮೇ ತಿಂಗಳ ಹದ್ದುಗಳನ್ನು ನೋಡಿಯೇ ಇರುತ್ತೀರಿ. ಕಾದ ಎರೆಭೂಮಿಯಿಂದ ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ. ಹದ್ದು ರೆಕ್ಕೆ ಬಡಿಯದೆ ಅದರೊಳಗೆ ಸುತ್ತು ಹಾಕುತ್ತ ಏರುತ್ತದೆ. ಗ್ಲೈಡರ್ ಏರುವುದೂ ಹಾಗೆಯೇ. ಒಂದು ಹದ್ದು ಸುತ್ತುವಲ್ಲಿಗೆ ಉಳಿದವೂ ಬಂದು ಸೇರುವಂತೆ, ಒಳ್ಳೆಯ ಏರುಗಾಳಿ ಸಿಕ್ಕ ಕಡೆ ಗ್ಲೈಡರುಗಳೂ ಬಂದು ಸೇರುತ್ತವೆ. ಆಲ್ಪ್ಸ್ ಪರ್ವತಗಳಲ್ಲಿ ಗಾಳಿಗೆ ಎದುರಾದ ಇಳಿಜಾರಿನ ಮಗ್ಗುಲಲ್ಲಿ ಅವು ಒಂದೇ ಪಟ್ಟಿಯಲ್ಲಿ ಹೋಗುತ್ತ ಬರುತ್ತ ಇರುತ್ತವೆ. ಆಕಾಶ ಎಷ್ಟೇ ವಿಶಾಲವಾಗಿದ್ದರೂ ಗ್ಲೈಡರಿಗೆ ಬೇಕಾದ ಆಕಾಶ ಕಿರಿದು. ಡಿಕ್ಕಿಯ ಭಯ ಹುಟ್ಟುವುದು ಇಲ್ಲಿಂದ.

"ಕಣ್ಣಿಟ್ಟು ನೋಡು, ತಪ್ಪಿಸಿಕೋ" ಎಂಬುದು ಗ್ಲೈಡರ್ ಹಾರಿಸುವವರ ಹಳೆಯ ನಿಯಮ. ಆದರೆ ಕಣ್ಣಿಗೂ ಒಂದು ಮಿತಿಯುಂಟು. ಗಂಟೆಗೆ 120 ಕಿ.ಮೀ. ವೇಗದ ಎರಡು ಗ್ಲೈಡರುಗಳು ಎದುರುಬದುರಾಗಿ ಬಂದರೆ ಸೆಕೆಂಡಿಗೆ ಸುಮಾರು 67 ಮೀಟರಿನಂತೆ ಹತ್ತಿರವಾಗುತ್ತವೆ. ಅವು 1200 ಮೀಟರ್ ದೂರದಲ್ಲಿರುವಾಗ ಉಳಿದಿರುವುದು 18 ಸೆಕೆಂಡು. ಎದುರಿನಿಂದ ನೋಡಿದಾಗ ಗ್ಲೈಡರಿನ ಒಡಲು ಸುಮಾರು 60 ಸೆಂ.ಮೀ. ಅಗಲ, ರೆಕ್ಕೆಯಂತೂ ಒಂದು ತೆಳುಗೆರೆ. ಅಷ್ಟು ದೂರದಲ್ಲಿ ಆ ಒಡಲು ಮೂರು ಮೀಟರ್ ಆಚೆಯ ಸಾಸಿವೆ ಕಾಳಿನಷ್ಟು ಕಾಣುತ್ತದೆ. ಅದೂ ಬಿಳಿಯ ಮೋಡದ ಮೇಲಿನ ಬಿಳಿಯ ಕಾಳು!

ಇನ್ನೊಂದು ವಿಚಿತ್ರವನ್ನು ಮಕ್ಕಳು ಗಮನಿಸಬೇಕು. ನಮ್ಮ ಕಣ್ಣು ಚಲಿಸುವುದನ್ನು ಬೇಗ ಗುರುತಿಸುತ್ತದೆ. ನೇರವಾಗಿ ಡಿಕ್ಕಿಯ ಹಾದಿಯಲ್ಲಿರುವ ಎರಡು ವಿಮಾನಗಳು ಒಂದೇ ವೇಗ, ಒಂದೇ ದಿಕ್ಕು ಹಿಡಿದು ಸಾಗುತ್ತಿದ್ದರೆ, ಒಂದರಿಂದ ನೋಡಿದಾಗ ಇನ್ನೊಂದು ಗಾಜಿನ ಮೇಲೆ ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತದೆ. ಅದು ಪಕ್ಕಕ್ಕೆ ಸರಿಯುವುದಿಲ್ಲ. ನಿಂತಲ್ಲಿಯೇ ನಿಧಾನವಾಗಿ ದೊಡ್ಡದಾಗುತ್ತ, ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ಹಿಗ್ಗುತ್ತದೆ. ಸರಿದುಹೋಗುತ್ತಿರುವುದು ಸಾಮಾನ್ಯವಾಗಿ ಅಪಾಯವಲ್ಲ. ಅಲುಗಾಡದೆ ನಿಂತದ್ದೇ ಅಪಾಯ.

ಈ ಮಿತಿಗೆ ಪರಿಹಾರವಾಗಿ 2004ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಫ್ಲಾರ್ಮ್ ಎಂಬ ಉಪಕರಣ ಬಂದಿತು. 'ಫ್ಲೈಟ್' ಮತ್ತು 'ಅಲಾರ್ಮ್' ಎಂಬ ಎರಡು ಪದಗಳನ್ನು ಬೆಸೆದ ಹೆಸರು ಅದು. ಅದು ಜಿಪಿಎಸ್‌ನಿಂದ ತನ್ನ ಸ್ಥಾನವನ್ನೂ ಗಾಳಿಯ ಒತ್ತಡದಿಂದ ಎತ್ತರವನ್ನೂ ತಿಳಿಯುತ್ತದೆ. ಮುಂದಿನ ಕೆಲವು ಸೆಕೆಂಡುಗಳಲ್ಲಿ ತಾನು ಸಾಗಬಹುದಾದ ಹಾದಿಯನ್ನು ಲೆಕ್ಕಹಾಕಿ ಸಣ್ಣ ರೇಡಿಯೋದ ಮೂಲಕ ಸುಮಾರು ಸೆಕೆಂಡಿಗೊಮ್ಮೆ ಸಾರುತ್ತದೆ. ಇತರರು ಸಾರಿದ್ದನ್ನು ಕೇಳುತ್ತದೆ. ಎರಡು ಹಾದಿಗಳು ಕೂಡುವಂತಿದ್ದರೆ ಎಚ್ಚರಿಸುತ್ತದೆ. ದೊಡ್ಡ ವಿಮಾನಗಳ ಎಚ್ಚರಿಕೆಯ ಯಂತ್ರವನ್ನು ಗ್ಲೈಡರಿನಲ್ಲಿಟ್ಟರೆ, ಒಂದೇ ಏರುಗಾಳಿಯಲ್ಲಿ ಹತ್ತಿರ ಹತ್ತಿರ ಸುತ್ತುವಾಗ ಅದು ಕೂಗುತ್ತಲೇ ಇದ್ದೀತು. ಫ್ಲಾರ್ಮ್ ಸುತ್ತುವ ಹಾದಿಯನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ, ಹತ್ತಿರವಿದ್ದ ಮಾತ್ರಕ್ಕೆ ಕೂಗುವುದಿಲ್ಲ. ಆದರೆ ಒಂದು ಮಾತನ್ನು ಮರೆಯಬಾರದು: ಹೊಂದುವ ಉಪಕರಣವಿಲ್ಲದ ವಿಮಾನ ಅದಕ್ಕೆ ಕಾಣುವುದಿಲ್ಲ. ಯಾವ ಕಡೆ ತಿರುಗಬೇಕು ಎಂದೂ ಅದು ಹೇಳುವುದಿಲ್ಲ. ಆ ತೀರ್ಮಾನ ಚಾಲಕನದೇ.

ಇನ್ನು ಓದಿನ ಪ್ರಶ್ನೆ. ಗ್ಲೈಡರಿನ ಉಪಕರಣಗಳಿಗೆ ಸಾಮಾನ್ಯವಾಗಿರುವ ಸಣ್ಣ ಅಳತೆ 57 ಮಿ.ಮೀ. ವ್ಯಾಸ, ನಮ್ಮ ಚಹಾದ ಲೋಟದ ಬಾಯಿಯಷ್ಟು. ಅಷ್ಟರೊಳಗೆ ಅಪಾಯ ಯಾವ ದಿಕ್ಕಿನಲ್ಲಿದೆ, ಮೇಲೋ ಕೆಳಗೋ, ಎಷ್ಟು ಬೇಗ ಎಂಬ ಮೂರನ್ನೂ ತಿಳಿಸಬೇಕು. ಸರಳವಾದ ಫಲಕದಲ್ಲಿ ದಿಕ್ಕಿಗೆ ಪುಟ್ಟ ದೀಪಗಳ ಒಂದು ಉಂಗುರ, ಮೇಲು–ಕೆಳಗಿಗೆ ದೀಪಗಳ ಒಂದು ಲಂಬ ಸಾಲು ಇರುತ್ತದೆ. ಸಮಯವನ್ನು ಹೇಳುವುದು ಧ್ವನಿ. ಡಿಕ್ಕಿಗೆ ಸುಮಾರು 18 ಸೆಕೆಂಡು ಇರುವಾಗ ಮೊದಲ ಎಚ್ಚರಿಕೆ. 13ರ ಸುಮಾರಿಗೆ ಎರಡನೆಯದು. 8ರ ಸುಮಾರಿಗೆ ಕೊನೆಯದು. ಒಂದೊಂದು ಹಂತಕ್ಕೂ ಅದರ ಕೂಗು ತೀವ್ರವಾಗುತ್ತದೆ.

18 ಸೆಕೆಂಡು ಸಾಕಲ್ಲವೇ ಎನ್ನಬಹುದು. ಅಮೆರಿಕದ ವಿಮಾನಯಾನ ಆಡಳಿತದ ಸಲಹಾಪತ್ರವೊಂದರಲ್ಲಿ ಇದರ ಲೆಕ್ಕವಿದೆ. ವಸ್ತು ಕಣ್ಣಿಗೆ ಬೀಳಲು 0.1 ಸೆಕೆಂಡು, ಅದು ವಿಮಾನವೆಂದು ಗುರುತಿಸಲು 1, ಡಿಕ್ಕಿಯಾಗಲಿದೆ ಎಂದು ಅರಿಯಲು 5, ಯಾವ ಕಡೆ ತಿರುಗಬೇಕೆಂದು ನಿರ್ಧರಿಸಲು 4, ಕೈ ಆಡಲು 0.4, ವಿಮಾನ ಆ ಕೈಮಾತನ್ನು ಕೇಳಲು 2: ಒಟ್ಟು 12.5 ಸೆಕೆಂಡು. ಇದರಲ್ಲಿ ಡಿಕ್ಕಿಯನ್ನು ಅರಿಯುವ ಕೆಲಸದ ಬಹುಪಾಲನ್ನು ಉಪಕರಣ ಹಗುರ ಮಾಡುತ್ತದೆ, ನಿಜ. ಆದರೆ ಫಲಕವನ್ನು ನೋಡುವ, ಅರ್ಥಮಾಡಿಕೊಳ್ಳುವ, ಮತ್ತೆ ಹೊರಗೆ ಆ ಸಾಸಿವೆ ಕಾಳನ್ನು ಹುಡುಕುವ ಹೊಸ ಕೆಲಸವೊಂದು ಸೇರಿಕೊಳ್ಳುತ್ತದೆ. 18ರಲ್ಲಿ 12.5 ಕಳೆದರೆ ಉಳಿಯುವುದು ಐದೂವರೆ ಸೆಕೆಂಡು. ಓದಲು ಕಷ್ಟವಾದ ಫಲಕ ತಿನ್ನುವುದು ಆ ಉಳಿತಾಯವನ್ನು.

ಓದು ಏಕೆ ಕಷ್ಟವಾಗುತ್ತದೆ? ಮೊದಲನೆಯದು ಬೆಳಕು. ಪಾರದರ್ಶಕ ಮೇಲ್ಮುಚ್ಚಳದ ಕೆಳಗೆ ಬಿಸಿಲು ನೇರವಾಗಿ ಫಲಕದ ಮೇಲೆ ಬೀಳುತ್ತದೆ. ಮೊಬೈಲನ್ನು ಅಂಗಳಕ್ಕೆ ಒಯ್ದು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೋಲರಾಯ್ಡ್ ಬಗೆಯ ತಂಪು ಕನ್ನಡಕ ಹಾಕಿಕೊಂಡರಂತೂ ಕೆಲವು ಎಲ್‌ಸಿಡಿ ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿಬಿಡುತ್ತವೆ. ಎರಡನೆಯದು ವಯಸ್ಸು. ಮೈಲು ದೂರ ನೋಡುತ್ತಿದ್ದ ಕಣ್ಣು ತೋಳಿನಳತೆಯ ಫಲಕಕ್ಕೆ ಹೊಂದಿಕೊಳ್ಳಬೇಕು. ನಲವತ್ತೈದು ದಾಟಿದ ನಮ್ಮಂಥವರಿಗೆ ಅದು ಎಷ್ಟು ನಿಧಾನವೆಂದು ಹಾಜರಿ ಪುಸ್ತಕ ಹಿಡಿದಾಗಲೆಲ್ಲ ನನಗೆ ತಿಳಿಯುತ್ತದೆ. ಮೂರನೆಯದು ಬಣ್ಣ. ಯುರೋಪಿನ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು–ಹಸಿರು ಭೇದ ಸರಿಯಾಗಿ ತಿಳಿಯದು. ಬಣ್ಣವೊಂದನ್ನೇ ನಂಬಿ ಬರೆದ ಎಚ್ಚರಿಕೆ ಅವರಿಗೆ ತಲುಪದು. ಜೊತೆಗೆ ಮಿನುಗು ಬೇಕು, ಆಕಾರ ಬೇಕು, ಸದ್ದು ಬೇಕು.

ನಾಲ್ಕನೆಯದು ಅತ್ಯಂತ ಸೂಕ್ಷ್ಮವಾದುದು. ನಮ್ಮ ಭೀಮಾ ನದಿಯನ್ನು ಈಜಿ ದಾಟಿದವರಿಗೆ ಇದು ಗೊತ್ತು: ಎದುರಿನ ದಂಡೆಯನ್ನು ನೇರವಾಗಿ ಮುಟ್ಟಬೇಕಾದರೆ ಮೋರೆಯನ್ನು ಹರಿವಿನ ಮೇಲ್ದಿಕ್ಕಿಗೆ ತಿರುಗಿಸಿ ಈಜಬೇಕು. ಅಡ್ಡಗಾಳಿಯಲ್ಲಿ ಗ್ಲೈಡರ್ ಸಾಗುವುದೂ ಹಾಗೆಯೇ; ಮೂಗು ಒಂದು ಕಡೆ, ಹಾದಿ ಇನ್ನೊಂದು ಕಡೆ. ಜಿಪಿಎಸ್‌ಗೆ ತಿಳಿಯುವುದು ಹಾದಿ ಮಾತ್ರ. ಆದ್ದರಿಂದ ಫಲಕ ದಿಕ್ಕು ತೋರಿಸುವುದು ಹಾದಿಯಿಂದ ಎಣಿಸಿ. ಚಾಲಕ ಹುಡುಕುವುದು ತನ್ನ ಮೂಗಿನ ನೇರದಿಂದ ಎಣಿಸಿ. 90 ಕಿ.ಮೀ. ವೇಗದ ಗ್ಲೈಡರಿಗೆ 30 ಕಿ.ಮೀ. ಅಡ್ಡಗಾಳಿ ಹೊಡೆದರೆ ಎರಡರ ನಡುವಿನ ಅಂತರ ಸುಮಾರು 20 ಅಂಶಗಳಾಗುತ್ತದೆ. ಗಡಿಯಾರದ ಮುಖದಲ್ಲಿ ಒಂದು ಗಂಟೆಯ ಅಂತರ 30 ಅಂಶ. ಫಲಕ ಸುಳ್ಳು ಹೇಳಿಲ್ಲ. ಆದರೂ ಅದರ ಮಾತನ್ನು ಅಕ್ಷರಶಃ ನಂಬಿದವನು ತಪ್ಪು ಜಾಗದಲ್ಲಿ ಹುಡುಕುತ್ತಾನೆ. ಬರೆದದ್ದನ್ನು ಓದಬಲ್ಲವನು ಅದನ್ನು ಯಾವ ನೆಲೆಯಿಂದ ಬರೆದಿದೆ ಎಂಬುದನ್ನೂ ತಿಳಿದಿರಬೇಕು.

ಈಗ ಪರದೆಯ ಮೇಲೆ ನಕ್ಷೆಯಂತೆ ಸುತ್ತಲಿನ ಎಲ್ಲ ಗ್ಲೈಡರುಗಳನ್ನೂ ಅವುಗಳ ದೂರ, ಎತ್ತರ, ಏರುವ ವೇಗದೊಡನೆ ತೋರಿಸುವ ಫಲಕಗಳೂ ಇವೆ. ನಿರಾತಂಕವಾಗಿ ಹಾರುವಾಗ ಅವು ಉಪಯುಕ್ತವೇ. ಆದರೆ ಅಪಾಯದ ಕ್ಷಣದಲ್ಲಿ ಎಲ್ಲವನ್ನೂ ಅಳಿಸಿ ಒಂದೇ ಒಂದು ದಿಕ್ಕನ್ನು ತೋರಿಸುವ ಪರದೆಯೇ ಉತ್ತಮವಾದುದು.

ನಮ್ಮ ಮಕ್ಕಳು ಅಂಗಳದಲ್ಲಿ ಇದನ್ನು ಆಡಿ ನೋಡಿದರು. ರಟ್ಟಿನ ಮೇಲೆ ಹನ್ನೆರಡು ಪುಟ್ಟ ಬಲ್ಬುಗಳ ಉಂಗುರ ಒಂದು ಫಲಕ; ದೂರ, ಎತ್ತರ, ದಿಕ್ಕುಗಳನ್ನೆಲ್ಲ ಅಂಕಿಗಳಲ್ಲಿ ಬರೆದ ಚೀಟಿ ಇನ್ನೊಂದು ಫಲಕ. ಗಂಟೆ ಬಾರಿಸಿದೊಡನೆ ಫಲಕ ನೋಡಿ, ಬಿಳಿಯ ಕಾಗದ ಹಿಡಿದು ನಡೆದುಬರುವ ಗೆಳೆಯನನ್ನು ಬೆರಳಿಟ್ಟು ತೋರಿಸಬೇಕು. ಉಂಗುರ ಹಿಡಿದ ಹುಡುಗಿ ತಟ್ಟನೆ ತಲೆಯೆತ್ತಿ ತೋರಿಸಿದಳು. ಚೀಟಿ ಹಿಡಿದ ಹುಡುಗನ ಹೆಗಲನ್ನು ಗೆಳೆಯನೇ ಬಂದು ಮುಟ್ಟಿದ. "ಯಾಕೋ, ಕಾಣಲಿಲ್ಲವೇ?" ಎಂದೆ. "ನಾ ಇನ್ನೂ ಓದಾಕತ್ತಿದ್ದೆರಿ ಅಕ್ಕೋರೆ" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಏಕೆಂದು ಹೇಳಿಬಿಡುತ್ತೇನೆ. ನಾನು ಶಿಕ್ಷಕಿಯಾದ ಮೊದಲ ವರ್ಷಗಳಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳ ಅಂಕಗಳು ಪರೀಕ್ಷೆಯಿಂದ ಪರೀಕ್ಷೆಗೆ ಇಳಿಯುತ್ತ ಹೋದವು. ನಾನು ಅಂಕಪುಸ್ತಕವನ್ನು ಬಹಳ ಶ್ರದ್ಧೆಯಿಂದ ಓದಿದೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. "ಅಭ್ಯಾಸದಲ್ಲಿ ಲಕ್ಷ್ಯವಿಲ್ಲ" ಎಂದು ಷರಾ ಬರೆದೆ. ಏಳನೆಯ ತರಗತಿಯ ನಂತರ ಅವಳನ್ನು ಮನೆಯವರು ಶಾಲೆ ಬಿಡಿಸಿದರು. ಕೆಲವು ವರ್ಷಗಳ ಮೇಲೆ ಸಂತೆಯಲ್ಲಿ ದಪ್ಪ ಕನ್ನಡಕ ಹಾಕಿಕೊಂಡ ಅವಳು ಎದುರಾಗಿ, "ಆಗ ನನಗ ಹಲಗಿ ಮ್ಯಾಲಿಂದು ಕಾಣತಿದ್ದಿಲ್ರಿ ಅಕ್ಕೋರೆ" ಎಂದಳು. ಅವಳ ಮಾತಿನಲ್ಲಿ ದೂರಿರಲಿಲ್ಲ. ನಾನು ಸಣ್ಣ ಅಕ್ಷರದಲ್ಲಿ, ಮಾಸಿದ ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದೆ. ಎಚ್ಚರಿಕೆ ನನ್ನ ಕೈಯಲ್ಲಿಯೇ ಇತ್ತು. ಅದನ್ನು ಓದುತ್ತ ಕುಳಿತೆನೇ ಹೊರತು ತಲೆಯೆತ್ತಿ ಹುಡುಗಿಯನ್ನು ನೋಡಲಿಲ್ಲ.

ಅಂದಿನಿಂದ ನಮ್ಮ ಶಾಲೆಯಲ್ಲಿ ಎರಡು ಪದ್ಧತಿಗಳನ್ನು ನಡೆಸಿಕೊಂಡು ಬಂದಿದ್ದೇನೆ. ಪಾಠ ಆರಂಭಿಸುವ ಮುನ್ನ ಶಿಕ್ಷಕರು ಕೊನೆಯ ಸಾಲಿನಲ್ಲಿ ಕುಳಿತು ತಾವು ಬರೆದದ್ದನ್ನು ತಾವೇ ಓದಿ ನೋಡಬೇಕು. ಯಾವ ಮಗುವಿನ ಅಂಕ ಇಳಿದರೂ ಷರಾ ಬರೆಯುವ ಮುನ್ನ ಆ ಮಗುವಿನೊಡನೆ ಮಾತನಾಡಬೇಕು.

ಪಾಲಕರೇ, ಅಂಕಪಟ್ಟಿಯೂ ಇಂಥದೇ ಒಂದು ಫಲಕ. ಅದು ಒಂದು ದಿಕ್ಕನ್ನು ತೋರಿಸುತ್ತದೆ, ಅಷ್ಟೇ. ಅದರಲ್ಲಿ ದಾಖಲಾಗದ ವಿಷಯಗಳೂ ಉಂಟು. ಅದು ಎಣಿಸುವ ನೆಲೆ ನಿಮ್ಮ ಮಗು ನಿಂತಿರುವ ನೆಲೆಯೇ ಆಗಿರಬೇಕೆಂದಿಲ್ಲ. ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂಬ ಹಾಜರಿ ಪುಸ್ತಕದ ಎಚ್ಚರಿಕೆಯನ್ನು ನಾನೂ ಪ್ರತಿ ಜೂನಿನಲ್ಲಿ ಓದುತ್ತೇನೆ. ಅದನ್ನು ಓದುತ್ತ ಕೊರಗಿದರೆ ಶಾಲೆ ಉಳಿಯದು. ತಲೆಯೆತ್ತಿ ಒಂದೊಂದು ಮನೆಯ ಬಾಗಿಲನ್ನು ತಟ್ಟಬೇಕು. ಜಿಪಿಎಸ್ಸು, ಅಡ್ಡಗಾಳಿ, ಕೋನಗಳ ಲೆಕ್ಕವನ್ನು ಇಂದು ಈ ಮಕ್ಕಳು ನಿಮ್ಮೆದುರು ಕನ್ನಡದಲ್ಲಿ ವಿವರಿಸಿದ್ದನ್ನು ಆ ಮನೆಗಳಲ್ಲಿ ಹೇಳೋಣ.

ಮಕ್ಕಳೇ, ನಿಮ್ಮ ಮುಂದಿನ ಬದುಕಿನಲ್ಲಿ ಫಲಕಗಳು ಹೆಚ್ಚುತ್ತಲೇ ಹೋಗುತ್ತವೆ. ಸರಿಯಾಗಿ ಓದಿರಿ, ಬೇಗ ಓದಿರಿ. ಓದಿದ ಮೇಲೆ ಕಣ್ಣೆತ್ತಿ ಹೊರಗೆ ನೋಡಿರಿ. ಅಪಾಯವಿರುವುದೂ ಅಲ್ಲಿಯೇ, ಆಕಾಶವಿರುವುದೂ ಅಲ್ಲಿಯೇ.