ಪರಿಸರ ಎಂಜಿನಿಯರಿಂಗ್ ಓದಲು ಯಾರು ಬರುತ್ತಿದ್ದಾರೆ?



ಎರಡು ದಿನಗಳ ಈ ವಿಚಾರ ಸಂಕಿರಣದಲ್ಲಿ ಪಠ್ಯಕ್ರಮದ ಬಗ್ಗೆ ಸಾಕಷ್ಟು ಚರ್ಚೆಯಾಗಲಿದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ವಿಷಯ ಓದಲು ಬರುತ್ತಿರುವವರು ಯಾರು, ಬರಲಾಗದೆ ಹೊರಗುಳಿದವರು ಯಾರು?

2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಕೆರೆಗಳು ತುಂಬಿವೆ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಅಲ್ಲಿನ ರೈತರು ಹೋರಾಡಿದ್ದಾರೆ. ಇಷ್ಟು ಖಚಿತವಾಗಿ ಕೇಳಬಲ್ಲವರ ಮಕ್ಕಳು ನಮ್ಮ ಪ್ರಯೋಗಾಲಯಗಳಲ್ಲಿ ಇರಬೇಕು.

ಬಿ.ಇ. ಮಟ್ಟದಲ್ಲಿ ಪರಿಸರ ಎಂಜಿನಿಯರಿಂಗನ್ನು ಪ್ರತ್ಯೇಕ ಪದವಿಯಾಗಿ ಕಲಿಸುವ ಕಾಲೇಜುಗಳು ಮೈಸೂರಿನ ಎಸ್‌ಜೆಸಿಇಯಂಥ ಕೆಲವೇ. ಹೆಚ್ಚಿನವರು ಸಿವಿಲ್ ಮುಗಿಸಿ ಎಂ.ಟೆಕ್‌ಗೆ ಇತ್ತ ಬರುತ್ತಾರೆ. ಗೇಟ್ ಅರ್ಹತೆಯಿದ್ದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್; ಇಲ್ಲದಿದ್ದರೆ ಎರಡು ವರ್ಷವೂ ಮನೆಯ ದುಡ್ಡೇ ಗತಿ. ಬಿ.ಇ. ತರಗತಿಯ ಒಂದೇ ಬೆಂಚಿನಲ್ಲಿ ಸಿಇಟಿ, ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಸೀಟಿನವರು ಬೇರೆ ಬೇರೆ ಮೊತ್ತ ಕಟ್ಟಿ ಕೂತಿರುತ್ತಾರೆ. ಆದಾಯ ಮಿತಿಯೊಳಗಿನ ಕುಟುಂಬಗಳಿಗೆ ಬೋಧನಾ ಶುಲ್ಕ ಮಾಫಿಯ ಸೀಟುಗಳಿವೆ, ನಿಜ. ಆದರೆ ಮೆಸ್ ಬಿಲ್ಲಿಗೆ, ಕ್ಷೇತ್ರಭೇಟಿಗೆ, ಪ್ರಾಜೆಕ್ಟಿಗೆ ಮಾಫಿ ಇಲ್ಲ.

ಅಡ್ಡಿ ಹಣದ್ದಷ್ಟೇ ಅಲ್ಲ, ಸಮಯದ್ದೂ ಹೌದು. ನೀರಿನ ಮಾಲಿನ್ಯ ಅಳೆಯುವ ಬಿಒಡಿ ಪರೀಕ್ಷೆಯನ್ನೇ ನೋಡಿ. 300 ಮಿಲಿ ಲೀಟರಿನ ಬಾಟಲಿಗೆ ಮಾದರಿ ತುಂಬಿ, 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇನ್‌ಕ್ಯುಬೇಟರಿನಲ್ಲಿಟ್ಟು, ಮತ್ತೆ ಬಂದು ಟೈಟ್ರೇಷನ್ ಮಾಡಬೇಕು. ಪಿಷ್ಟದ ನೀಲಿ ಬಣ್ಣ ಮಾಯವಾಗುವ ಆ ಒಂದು ಹನಿಯನ್ನು ರೆಪ್ಪೆ ಮಿಟುಕಿಸದೆ ಹಿಡಿಯಬೇಕು. ಹಾಸ್ಟೆಲಿನಲ್ಲಿರುವವರಿಗೆ ಇದು ಸಲೀಸು. ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ ಗುರುವಾರ ಇಟ್ಟ ಬಾಟಲಿಗಾಗಿ ಭಾನುವಾರ ಬರಬೇಕು. ಶಕ್ತಿ ಯೋಜನೆಯಿಂದ ಅವಳಿಗೆ ಟಿಕೆಟ್ಟಿನ ಖರ್ಚು ತಪ್ಪಿದೆ, ದಾರಿಯಲ್ಲಿ ಕಳೆಯುವ ಹೊತ್ತು ತಪ್ಪಿಲ್ಲ. ಬರಲಾಗದಿದ್ದರೆ ಗೆಳತಿ ತೆಗೆದ ಅಂಕಿಯನ್ನೇ ರೆಕಾರ್ಡಿಗೆ ಬರೆದುಕೊಳ್ಳುತ್ತಾಳೆ. ಅವಳಿಗೆ ಅಂಕ ಸಿಗುತ್ತದೆ, ಪ್ರಯೋಗ ಸಿಗುವುದಿಲ್ಲ. ವೇಳಾಪಟ್ಟಿಯನ್ನು ಸ್ವಲ್ಪ ಹಿಂದೆಮುಂದೆ ಮಾಡಿದರೆ ಇದು ಬಗೆಹರಿಯುತ್ತದೆ. ಅದಕ್ಕೆ ಯಾವ ಅನುದಾನವೂ ಬೇಕಿಲ್ಲ. ಇಂಟರ್ನ್‌ಶಿಪ್‌ಗೆ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ (ಎಸ್‌ಟಿಪಿ) ಕಳಿಸುವ ಮುನ್ನ ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿದೆಯೇ ಎಂದೂ ವಿಭಾಗವೇ ವಿಚಾರಿಸಲಿ.

ಇನ್ನೊಂದು ಮಾತನ್ನು ನೋವಿನಿಂದ ಹೇಳುತ್ತೇನೆ. ರಕ್ಷಣಾ ಸಾಧನಗಳಿಲ್ಲದೆ ಕಾರ್ಮಿಕರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ; ಸಾವುಗಳು ನಿಂತಿಲ್ಲ. ಹಾಗೆ ತಂದೆಯನ್ನು ಕಳೆದುಕೊಂಡ ಮಗ ಒಳಚರಂಡಿಯ ವಿನ್ಯಾಸಕ್ಕೆ ಕೂತರೆ, ಮ್ಯಾನ್‌ಹೋಲಿನ ಆಳ ಅವನಿಗೆ ನಕ್ಷೆಯ ಮೇಲಿನ ಬರೀ ಅಂಕಿಯಾಗಿರುವುದಿಲ್ಲ. ಅಂಥವನಿಗೆ ಸೀಟು ಕೊಟ್ಟರೆ ಸಾಲದು. ಪದವಿ ಕೈಸೇರುವವರೆಗೆ ಅವನ ಊಟ, ವಸತಿಯ ಹೊಣೆಯನ್ನೂ ವಿಶ್ವವಿದ್ಯಾಲಯ ಹೊರಬೇಕು.

ವಿಭಾಗದ ಮುಖ್ಯಸ್ಥರಲ್ಲಿ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಸರ್ಕಾರಿ ಸೀಟಿನಲ್ಲಿ ಓದುತ್ತಿರುವವರೆಷ್ಟು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲೇರಿದವರೆಷ್ಟು, ಅರ್ಧಕ್ಕೇ ಬಿಟ್ಟು ಹೋದವರೆಷ್ಟು ಎಂಬ ಲೆಕ್ಕವನ್ನು ನಾಳೆ ಬೆಳಗಿನ ಗೋಷ್ಠಿಗೆ ತನ್ನಿ. ಪಠ್ಯಕ್ರಮದ ಚರ್ಚೆಯನ್ನು ಆ ಪಟ್ಟಿ ಮುಂದಿಟ್ಟುಕೊಂಡೇ ಆರಂಭಿಸೋಣ.