ಮನೆಮಂದಿಯ ಟ್ರಯಥ್ಲಾನ್: ಆರು ಬೆಳಗಿನ ಲೆಕ್ಕ

 

ನಾನು ಧಾರವಾಡದ ಕಡೆಯವನು. ಎಂ.ಟೆಕ್ ಮುಗಿಸಿ ಕೆಲಸಕ್ಕೆ ಅಂತ ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಸಾಫ್ಟ್‌ವೇರ್ ಎಂಜಿನಿಯರ್. ಇವತ್ತು ಕೋಡ್ ಬಗ್ಗೆ ಮಾತಾಡಲ್ಲ, ಹೆದರಬೇಡಿ. ಮನೆಮಂದಿಯೆಲ್ಲ ಸೇರಿ ಟ್ರಯಥ್ಲಾನ್ ಮಾಡೋದರ ಬಗ್ಗೆ ಮಾತಾಡ್ತೀನಿ.

ಟ್ರಯಥ್ಲಾನ್ ಅಂದ್ರೆ ಮೂರು ಆಟ, ಒಂದರ ಹಿಂದೆ ಒಂದು. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ನಡುವೆ ಗಡಿಯಾರ ನಿಲ್ಲಲ್ಲ. ಬಟ್ಟೆ ಬದಲಿಸಿದ್ದು, ಶೂ ಹಾಕಿದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತೆ. ದೂರದಲ್ಲಿ ಹಲವು ಅಳತೆಗಳಿವೆ. ಸ್ಪ್ರಿಂಟ್ ಅಂದ್ರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ಅಳತೆ ಅದರ ಎರಡು ಪಟ್ಟು. ಎಲ್ಲರೂ ಹೆಸರು ಕೇಳಿರುವ ಐರನ್‌ಮ್ಯಾನ್ ಅಂದ್ರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಆಮೇಲೆ 42.2 ಕಿ.ಮೀ.ಯ ಒಂದು ಪೂರ್ತಿ ಮ್ಯಾರಥಾನ್. ಗೋವಾದಲ್ಲಿ 2019ರಿಂದ ನಡೆಯುತ್ತಿರೋದು ಇದರ ಅರ್ಧ.

ಈ ಆಟ ಶುರುವಾದ ಕಥೆ ನನಗೆ ತುಂಬಾ ಇಷ್ಟ. 1974ರ ಸೆಪ್ಟೆಂಬರ್ 25, ಅಮೆರಿಕದ ಸ್ಯಾನ್ ಡಿಯಾಗೊ ಊರಿನ ಮಿಷನ್ ಬೇ. ಅಲ್ಲಿ ನಡೆದ ಸಣ್ಣ ಸ್ಪರ್ಧೆಯನ್ನೇ ಇವತ್ತಿನ ಟ್ರಯಥ್ಲಾನಿನ ಮೊದಲು ಅಂತ ಹೇಳ್ತಾರೆ. ಅವತ್ತು ಅಲ್ಲಿ ಜಾನ್ ಕಾಲಿನ್ಸ್ ಮತ್ತು ಜೂಡಿ ಕಾಲಿನ್ಸ್ ಅನ್ನೋ ಗಂಡಹೆಂಡತಿ ಇದ್ದರು. ಜಾನ್ ನೌಕಾಪಡೆಯ ಅಧಿಕಾರಿ. ಇಬ್ಬರೂ ಸ್ಪರ್ಧೆಗೆ ಇಳಿದರು, ಜೊತೆಗೆ ತಮ್ಮ ಇಬ್ಬರು ಮಕ್ಕಳನ್ನೂ ಇಳಿಸಿದರು. ಮುಂದೆ ಇದೇ ದಂಪತಿ ಹವಾಯಿ ದ್ವೀಪಕ್ಕೆ ಹೋಗಿ 1978ರಲ್ಲಿ ಮೊದಲ ಐರನ್‌ಮ್ಯಾನ್ ಶುರು ಮಾಡಿದರು. ಅಂದ್ರೆ ಗಟ್ಟಿ ಗಂಡಸರ ಆಟ ಅಂತ ನಾವು ತಿಳಿದಿರುವ ಆಟ, ಒಂದು ಮನೆಯವರು ರಜಾ ದಿನದ ಪಿಕ್ನಿಕ್ಕಿಗೆ ಹೋದಹಾಗೆ ಹೋದ ಜಾಗದಿಂದ ಶುರುವಾಗಿದೆ.

ಆದರೆ 1978ರಲ್ಲಿ ಹವಾಯಿಯಲ್ಲಿ ಹೊರಟವರು 15 ಜನ, ಮುಗಿಸಿದವರು 12. ಎಲ್ಲರೂ ಗಂಡಸರು. ಮರುವರ್ಷ ಲಿನ್ ಲೆಮೇರ್ ಅನ್ನೋ ಒಬ್ಬಳೇ ಹೆಣ್ಣುಮಗಳು ಇಳಿದಳು. ಒಟ್ಟು ಪಟ್ಟಿಯಲ್ಲಿ ಐದನೆಯವಳಾಗಿ ಮುಗಿಸಿದಳು.

ಈಗ ನಮ್ಮ ನಿಮ್ಮ ಮನೆಗೆ ಬರೋಣ. ನಮ್ಮ ಆಫೀಸುಗಳಲ್ಲಿ ಸೈಕಲ್ ಗುಂಪು, ರನ್ನಿಂಗ್ ಗುಂಪು ಇಲ್ಲದ ಕಂಪನಿ ಸಿಗೋದು ಕಷ್ಟ. ಅಲ್ಲಿ ಒಬ್ಬ ಐರನ್‌ಮ್ಯಾನ್‌ಗೆ ತಯಾರಿ ಮಾಡ್ತಿದ್ದಾನೆ ಅಂದ್ರೆ ವಾರಕ್ಕೆ ಹತ್ತು, ಹನ್ನೆರಡು ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಶನಿವಾರ ಬೆಳಿಗ್ಗೆ ಸೈಕಲ್ ತಗೊಂಡು ಹೋದವನು ಮಧ್ಯಾಹ್ನ ಊಟಕ್ಕೆ ಬರ್ತಾನೆ. ಆ ಹೊತ್ತಿನಲ್ಲಿ ಹಾಲು ತರೋದು, ಮಕ್ಕಳನ್ನ ಎಬ್ಬಿಸೋದು, ಡಬ್ಬಿ ಕಟ್ಟೋದು ಯಾರದ್ದು? ರೇಸ್ ದಿನ ಮನೆಯವರೆಲ್ಲ ಹೋಗ್ತಾರೆ, ಬ್ಯಾಗ್ ಹಿಡಿದು ನಿಲ್ತಾರೆ, ಫೋಟೋ ತೆಗೀತಾರೆ. "ಫ್ಯಾಮಿಲಿ ಸಪೋರ್ಟ್ ಇಲ್ಲದೆ ಆಗ್ತಿರಲಿಲ್ಲ" ಅಂತ ಅವನು ಪೋಸ್ಟ್ ಹಾಕ್ತಾನೆ. ಮಾತು ನಿಜ. ಆದರೆ ಆ ಸಪೋರ್ಟ್ ಅನ್ನೋದು ತಾಸಿನ ಲೆಕ್ಕದಲ್ಲಿ ಎಷ್ಟು ಅಂತ ಯಾರೂ ಬರೆದಿಡಲ್ಲ.

ನನ್ನ ಇವತ್ತಿನ ಮಾತು ಇಷ್ಟೇ: ಒಬ್ಬರ ಐರನ್‌ಮ್ಯಾನ್‌ಗೆ ಬೇಕಾಗುವ ತಾಸುಗಳಲ್ಲಿ ಮೂರು ಜನರ ಸ್ಪ್ರಿಂಟ್ ರಿಲೇ ಆಗುತ್ತೆ. ರಿಲೇ ಅಂದ್ರೆ ಒಬ್ಬರು ಈಜ್ತಾರೆ, ಇನ್ನೊಬ್ಬರು ಸೈಕಲ್ ಹೊಡೀತಾರೆ, ಮೂರನೆಯವರು ಓಡ್ತಾರೆ. ಒಬ್ಬೊಬ್ಬರಿಗೆ ವಾರಕ್ಕೆ ಮೂರು, ನಾಲ್ಕು ತಾಸು ಸಾಕು.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿ, ಮೂರನೇ ಕ್ಲಾಸಿನ ಮಗಳು, ಮತ್ತೆ ನಮ್ಮವ್ವ. ಅಪ್ಪ ತೀರಿಕೊಂಡ ಮೇಲೆ ಅವ್ವ ಊರಿನ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಂದಳು. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇದೇ ಕಥೆ ಇರುತ್ತೆ. ಏಳನೇ ಮಹಡಿಯ ಫ್ಲ್ಯಾಟು, ಬಾಗಿಲು ಹಾಕಿದ ಅಕ್ಕಪಕ್ಕದ ಮನೆಗಳು, ಬಾರದ ಭಾಷೆ. ಮೊಮ್ಮಗಳು ಶಾಲೆಗೆ ಹೋದ ಮೇಲೆ ಸಂಜೆ ತನಕ ಟೀವಿ. ಒಂದು ವರ್ಷ ಆಗುತ್ತಲೇ ಅವ್ವ ಅನ್ನಲಿಕ್ಕೆ ಶುರು ಮಾಡಿದಳು: "ನಾ ಊರಿಗೆ ಹೋಗ್ತೀನೋ ತಮ್ಮಾ. ಇಲ್ಲೆ ಗೋಡಿ ಜೋಡಿ ಮಾತಾಡೂದಾಗೇತಿ." ಊರಲ್ಲಿ ಆಕೆ ಒಬ್ಬಳೇ ಇರಬೇಕು, ಬಿ.ಪಿ. ಬೇರೆ ಇದೆ. ಇಲ್ಲಿ ಇದ್ದರೂ ಒಬ್ಬಳೇ.

ಅದೇ ಹೊತ್ತಿಗೆ ಮಗಳನ್ನ ಈಜಿನ ಕ್ಲಾಸಿಗೆ ಹಾಕಿದ್ದೆವು. ಅವ್ವ ಟವೆಲ್ ಹಿಡಿದು ಬೆಂಚಿನ ಮೇಲೆ ಕೂಡ್ತಿದ್ದಳು. ಸುಮ್ಮನೆ ಕೂಡ್ತಿರಲಿಲ್ಲ. ಅಲ್ಲಿಂದಲೇ ಕೂಗ್ತಿದ್ದಳು: "ಕಾಲ ಅಗಲ ಮಾಡ, ಕಪ್ಪಿ ಹಂಗ ಒದಿ!" ಕಲಿಸುವ ಮೇಡಂ ಒಂದು ದಿನ ಹತ್ತಿರ ಬಂದು ಕೇಳಿದರು, "ಆಜಿ, ತುಮ್ಹಾಲಾ ಪೋಹತಾ ಯೇತಂ ಕಾ?" ಅಜ್ಜಿ, ನಿಮಗೆ ಈಜು ಬರುತ್ತಾ ಅಂತ. ಅವ್ವ ಹೂಂ ಅಂತ ಗೋಣು ಹಾಕಿದಳು.

ನನಗೆ ಅವತ್ತೇ ಗೊತ್ತಾಗಿದ್ದು. ಅವ್ವ ಎಂಟು ವರ್ಷದವಳಿದ್ದಾಗ ತನ್ನ ತವರಿನ ತೋಟದ ಬಾವಿಯಲ್ಲಿ ಈಜು ಕಲಿತವಳು. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಅವಳಪ್ಪ ಬಾವಿಗೆ ಬಿಟ್ಟಿದ್ದರಂತೆ. ಹದಿಮೂರಕ್ಕೆ ಮೈನೆರೆದಳು, ಬಾವಿ ಬಂದ್ ಆಯ್ತು. ಅಲ್ಲಿಂದ 48 ವರ್ಷ ನೀರಿಗೆ ಇಳಿದಿಲ್ಲ. "ಈಜು ಮರೆತಿಲ್ಲೇನು?" ಅಂತ ಕೇಳಿದ್ದಕ್ಕೆ, "ಮರಿಯೂ ವಿದ್ಯಾ ಅಲ್ಲದು. ಬಿಡಿಸಿದ್ರು, ಬಿಟ್ಟೆ" ಅಂದಳು.

ಲೇಡೀಸ್ ಬ್ಯಾಚಿಗೆ ಹೆಸರು ಹಚ್ಚಿದವಳು ನನ್ನ ಹೆಂಡತಿ. ಮೈ ತುಂಬಾ ಬಟ್ಟೆ ಇರುವ ಈಜಿನ ಡ್ರೆಸ್, ತೋಳು ಮುಂಗೈವರೆಗೆ, ಕಾಲು ಮೊಣಕಾಲಿನ ಕೆಳಗಿನವರೆಗೆ, ಅದನ್ನೂ ಅವಳೇ ತರಿಸಿದಳು. "ಅತ್ತಿ, ನೋಡ್ರಿ, ಇದರಾಗ ನಿಮ್ಮ ಮಾರಿ ಬಿಟ್ಟರ ಏನೂ ಕಾಣಂಗಿಲ್ಲ" ಅಂದಳು. ಮೊದಲ ದಿನ ಅವ್ವ 25 ಮೀಟರ್ ಪೂಲಿನಲ್ಲಿ ಅರ್ಧ ದಾಟಿ ಕಟ್ಟೆ ಹಿಡಿದು ಏದುಸಿರು ಬಿಟ್ಟಳು. ನಾಲ್ಕು ತಿಂಗಳಾದ ಮೇಲೆ ನಿಧಾನಕ್ಕೆ ಮೂವತ್ತು ಸುತ್ತು ಹಾಕಲಿಕ್ಕೆ ಹತ್ತಿದಳು. ಮೂವತ್ತು ಸುತ್ತು ಅಂದ್ರೆ 750 ಮೀಟರ್. ಸ್ಪ್ರಿಂಟ್ ರಿಲೇ ಅನ್ನೋ ವಿಚಾರ ಮನೆಯಲ್ಲಿ ಬಂದಿದ್ದೇ ಆ ಲೆಕ್ಕದಿಂದ.

ಇಲ್ಲಿ ಒಂದು ಗಂಭೀರ ಮಾತು ಹೇಳಬೇಕು. ಟ್ರಯಥ್ಲಾನಿನಲ್ಲಿ ಅಪಾಯ ಜಾಸ್ತಿ ಇರೋದು ಸೈಕಲ್ ಮೇಲೆ ಅಂತ ನಾವು ತಿಳಿದಿರ್ತೀವಿ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಸ್ಪರ್ಧೆಗಳನ್ನ ನೋಡಿ ಮಾಡಿದ ಒಂದು ಅಧ್ಯಯನದಲ್ಲಿ 135 ಸಾವು ಮತ್ತು ಹೃದಯಸ್ತಂಭನದ ಪ್ರಕರಣಗಳು ಸಿಕ್ಕವು. ಅದರಲ್ಲಿ ಮೂರನೇ ಎರಡು ಭಾಗ ಈಜಿನ ಹೊತ್ತಿನಲ್ಲೇ ಆಗಿದ್ದು. ನೂರಕ್ಕೆ 85 ಜನ ಗಂಡಸರು. ನಡುವಯಸ್ಸು ದಾಟಿದ ಗಂಡಸರಿಗೆ ಅಪಾಯ ಹೆಚ್ಚು. ಲಕ್ಷಾಂತರ ಜನ ಭಾಗವಹಿಸುವಾಗ ಈ ಸಂಖ್ಯೆ ಸಣ್ಣದೇ. ಆದರೆ ನಮ್ಮ ಮನೆಯಲ್ಲಿ ಅವ್ವ ಒಬ್ಬಳೇ ಇರೋದು. ಹಾಗಾಗಿ ಫಾರ್ಮ್ ತುಂಬುವ ಮೊದಲು ಡಾಕ್ಟರ್ ಹತ್ತಿರ ಹೋದೆವು. ಇಸಿಜಿ, ಎಕೋ, ಟ್ರೆಡ್‌ಮಿಲ್ ಟೆಸ್ಟ್ ಆಯ್ತು. ಅವಳದ್ದು ಆದ ಮೇಲೆ "ನಿಮ್ಮದು?" ಅಂತ ಡಾಕ್ಟರ್ ನನ್ನ ಕಡೆ ನೋಡಿದರು. ನಮ್ಮಿಬ್ಬರದ್ದೂ ಆಯ್ತು. ಅವ್ವನಿಗೆ ಒಪ್ಪಿಗೆ ಸಿಕ್ಕಿತು, ಷರತ್ತಿನ ಮೇಲೆ: ಯಾರ ಜೊತೆಗೂ ಪೈಪೋಟಿ ಮಾಡಬಾರದು, ಉಸಿರು ಕಟ್ಟಿದರೆ ಅಲ್ಲೇ ನಿಲ್ಲಬೇಕು.

ಹುಬ್ಬಳ್ಳಿಯಿಂದ ಸೋದರಮಾವ ಫೋನ್ ಮಾಡಿ ನನ್ನನ್ನ ಬೈದರು. "ವಯಸ್ಸಾದಾಕಿನ್ನ ನೀರಿಗೆ ದೂಡಾಕತ್ತೀಯೇನಲೇ?" ಅವ್ವ ಫೋನ್ ಕಸಿದುಕೊಂಡು ಅಂದಳು: "ಅವ ದೂಡಿಲ್ಲೋ ಅಣ್ಣಾ, ನಾನ ಜಿಗದೇನಿ."

ಇನ್ನು ಟೈಮ್ ಟೇಬಲ್. ಇದು ನನ್ನ ಕಸುಬಿಗೆ ಹತ್ತಿರದ ವಿಷಯ. ಮೂರು ಜನ ದೊಡ್ಡವರು, ವಾರಕ್ಕೆ ಆರು ಬೆಳಗು, ಐದೂವರೆಯಿಂದ ಏಳರವರೆಗೆ ಒಂದೂವರೆ ತಾಸು. ಏಳು ಇಪ್ಪತ್ತಕ್ಕೆ ಮಗಳ ಬಸ್ಸು. ಒಬ್ಬರು ಹೊರಗೆ ಹೋದರೆ ಇಬ್ಬರು ಮನೆಯಲ್ಲಿ. ಒಬ್ಬರಿಗೆ ಅಡುಗೆಮನೆ, ಇನ್ನೊಬ್ಬರಿಗೆ ಮಗಳು. ಒಬ್ಬೊಬ್ಬರಿಗೆ ಎರಡು ಬೆಳಗು ಬಂತು. ಅವ್ವನ ಬ್ಯಾಚು ಮಂಗಳವಾರ, ಗುರುವಾರ ಅಂತ ಗಟ್ಟಿ ಇತ್ತು, ಉಳಿದ ನಾಲ್ಕನ್ನ ನಾವಿಬ್ಬರು ಹಂಚಿಕೊಂಡೆವು. ಭಾನುವಾರ ಎಲ್ಲರೂ ಒಟ್ಟಿಗೆ. ಫ್ರಿಜ್ ಮೇಲೆ ಹಾಳೆ ಅಂಟಿಸಿ ಅದರ ಜವಾಬ್ದಾರಿ ಮಗಳಿಗೆ ಕೊಟ್ಟೆವು. ನಿಯಮ ಒಂದೇ: ಕೇಳದೆ ಇನ್ನೊಬ್ಬರ ಬೆಳಗು ತಗೊಳ್ಳೋ ಹಾಗಿಲ್ಲ. ಆಫೀಸಿನಲ್ಲಿ ರಿಲೀಸ್ ಇರಲಿ, ಬ್ಯಾಂಕಿನಲ್ಲಿ ಆಡಿಟ್ ಇರಲಿ. ವಾರಕ್ಕೆ ಮೂರು ದಿನ ತಿಂಡಿಗೆ ಅವಲಕ್ಕಿ ಬಂತು, ಅದನ್ನ ಬಿಟ್ಟರೆ ಯಾರಿಗೂ ನಷ್ಟ ಆಗಲಿಲ್ಲ.

ರೇಸಿಗೆ ಮೊದಲು ಕೆರೆಯಲ್ಲಿ ಅಭ್ಯಾಸ ಬೇಕು. ಪೂಲಿನಲ್ಲಿ ಕಲಿತವರಿಗೆ ಕೆರೆ ಬೇರೆಯೇ ಲೋಕ. ತಳ ಕಾಣಲ್ಲ, ಹಿಡಿಯಲಿಕ್ಕೆ ಕಟ್ಟೆ ಇಲ್ಲ, ದಾರಿ ತೋರಿಸುವ ಕಪ್ಪು ಗೆರೆ ಇಲ್ಲ. ಆಗಾಗ ತಲೆ ಎತ್ತಿ ದಿಕ್ಕು ನೋಡಬೇಕು. ಚೆನ್ನಾಗಿ ಈಜುವವರಿಗೂ ಅಲ್ಲಿ ಎದೆ ಹೊಡ್ಕೊಳ್ಳೋದು ಇದಕ್ಕೇ. ಅವ್ವನಿಗೆ ತಳ ಕಾಣದ ನೀರು ಹೊಸದಲ್ಲ, ಬಾವಿಯ ತಳವನ್ನ ಆಕೆ ಯಾವತ್ತೂ ನೋಡಿದವಳೇ ಅಲ್ಲ. ತಲೆ ಮೇಲೆ ಇಟ್ಟು ಕಪ್ಪೆಯ ಹಾಗೆ ಈಜುವುದರಿಂದ ದಿಕ್ಕೂ ತಪ್ಪಲಿಲ್ಲ. ಸೊಂಟಕ್ಕೆ ಕಿತ್ತಳೆ ಬಣ್ಣದ ಗಾಳಿಚೀಲ ಕಟ್ಟಿದಾಗ ಅದನ್ನ ತಿರುಗಿಸಿ ನೋಡಿ ನಕ್ಕಳು. "ಅದ ಸೋರಿಬುರಡಿನಪಾ ಇದು, ಪ್ಲಾಸ್ಟಿಕಿಂದು."

ರೇಸ್ ನಡೆದಿದ್ದು ಕೊಲ್ಹಾಪುರದ ಕಡೆ ಒಂದು ಕೆರೆಯಲ್ಲಿ. ರಿಲೇಯಲ್ಲಿ ಕೈಗೆ ಕೋಲು ಕೊಡಲ್ಲ. ಕಾಲಿಗೆ ಒಂದು ಪಟ್ಟಿ ಕಟ್ತಾರೆ, ಅದರಲ್ಲಿ ಟೈಮ್ ಅಳೆಯುವ ಚಿಪ್ ಇರುತ್ತೆ. ಒಬ್ಬರ ಕಾಲಿನಿಂದ ಬಿಚ್ಚಿ ಇನ್ನೊಬ್ಬರ ಕಾಲಿಗೆ ಕಟ್ಟಬೇಕು. ಅವ್ವ ಎಲ್ಲರಿಗಿಂತ ಹಿಂದೆ ನಿಂತು, ಗದ್ದಲ ಮುಂದೆ ಹೋದ ಮೇಲೆ ಇಳಿದಳು. ನಡುವೆ ಗಾಳಿ ಬೀಸಿ ಸಣ್ಣ ಅಲೆ ಎದ್ದವು. ಕಾವಲಿನ ದೋಣಿಯನ್ನ ಒಮ್ಮೆ ಹಿಡಿದು ನಿಂತಳು. ದೋಣಿ ನಿಮ್ಮನ್ನ ಮುಂದಕ್ಕೆ ಎಳೆಯದಿದ್ದರೆ ಹಿಡಿದು ಸುಧಾರಿಸಿಕೊಳ್ಳಬಹುದು, ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಇದನ್ನ ನಿಮ್ಮ ಮನೆಯ ಹಿರಿಯರಿಗೆ ಮೊದಲೇ ಹೇಳಿಡಿ. 34 ನಿಮಿಷಕ್ಕೆ ದಡ ಮುಟ್ಟಿದಳು. ಬಗ್ಗಿ ಅವಳ ಕಾಲಿನ ಪಟ್ಟಿ ಬಿಚ್ಚಿದವಳು ಸೊಸೆ. ಹೆಲ್ಮೆಟ್ಟಿನ ಕ್ಲಿಪ್ ಹಾಕದೆ ಸೈಕಲ್ ಮುಟ್ಟೋ ಹಾಗಿಲ್ಲ, ಅದನ್ನ ಮೊದಲೇ ಹಾಕಿ ನಿಂತಿದ್ದಳು. 20 ಕಿ.ಮೀ.ಗೆ 52 ನಿಮಿಷ. ನನ್ನ ಓಟಕ್ಕೆ 29. ಚಿಪ್ ಬದಲಿಸಿದ್ದೆಲ್ಲ ಸೇರಿ ಎರಡು ತಾಸಿಗೆ ಒಂದು ನಿಮಿಷ ಕಮ್ಮಿ. ಪಟ್ಟಿಯ ಕೊನೆಗೆ ನಮ್ಮನ್ನ ಹುಡುಕಿದರೆ ಬೇಗ ಸಿಗ್ತೀವಿ.

"ಒಟ್ಟಿಗೆ" ಅನ್ನೋದಕ್ಕೆ ಬೇರೆ ಅರ್ಥಗಳೂ ಇವೆ. ಅಮೆರಿಕದ ಡಿಕ್ ಹಾಯ್ಟ್ ಮತ್ತು ಮಗ ರಿಕ್ ಹಾಯ್ಟ್ ಅವರ ಬಗ್ಗೆ ನೀವು ಕೇಳಿರಬಹುದು. ರಿಕ್ 1962ರಲ್ಲಿ ಸೆರೆಬ್ರಲ್ ಪಾಲ್ಸಿಯೊಂದಿಗೆ ಹುಟ್ಟಿದವರು. ನಡೆಯಲಿಕ್ಕೆ, ಮಾತಾಡಲಿಕ್ಕೆ ಆಗ್ತಿರಲಿಲ್ಲ, ಕಂಪ್ಯೂಟರ್ ಮೂಲಕ ಮಾತಾಡ್ತಿದ್ದರು. 1977ರಲ್ಲಿ ಒಂದು ಐದು ಮೈಲಿಯ ಓಟಕ್ಕೆ ಹೋಗೋಣ ಅಂತ ಕೇಳಿದವರು ರಿಕ್. ಅಪ್ಪ ಗಾಲಿಕುರ್ಚಿ ತಳ್ಳಿಕೊಂಡು ಓಡಿದರು. ಆಮೇಲೆ ಟ್ರಯಥ್ಲಾನಿಗಾಗಿ ನಲವತ್ತು ದಾಟಿದ ಮೇಲೆ ಈಜು ಕಲಿತು, ಮಗನನ್ನ ರಬ್ಬರ್ ದೋಣಿಯಲ್ಲಿ ಕೂರಿಸಿ ಎಳೆದುಕೊಂಡು ಈಜಿದರು. ಇಬ್ಬರೂ ಸೇರಿ ಸಾವಿರಕ್ಕೂ ಹೆಚ್ಚು ಸ್ಪರ್ಧೆ ಮುಗಿಸಿದರು. ಡಿಕ್ 2021ರಲ್ಲಿ, ರಿಕ್ 2023ರಲ್ಲಿ ತೀರಿಕೊಂಡರು. ಅಲ್ಲಿ ಬಲ ಒಬ್ಬರದು, ಆಸೆ ಇನ್ನೊಬ್ಬರದು. ಯಾರು ಯಾರನ್ನ ಕರೆದುಕೊಂಡು ಹೋದರು ಅಂತ ಹೇಳೋದು ಕಷ್ಟ.

ನಿಮ್ಮ ಮನೆಯಲ್ಲಿ ಶುರು ಮಾಡಬೇಕು ಅಂದ್ರೆ ಒಂದು ನಾಲ್ಕು ಮಾತು. ಮೊದಲು ಡಾಕ್ಟರ್, ಆಮೇಲೆ ಶೂ. ಸೈಕಲ್ ಹೊಸದು ಬೇಡ, ಬ್ರೇಕ್ ಸರಿ ಇರುವ ಯಾವುದಾದರೂ ಆಗುತ್ತೆ. ಕೆರೆಗೆ ಒಬ್ಬರೇ ಯಾವತ್ತೂ ಇಳಿಯಬೇಡಿ. ಮತ್ತೆ ರೇಸಿನ ಫಾರ್ಮ್ ತುಂಬುವ ಮೊದಲು ಫ್ರಿಜ್ ಮೇಲಿನ ಹಾಳೆ ತುಂಬಿ. ಅದರಲ್ಲಿ ಎಲ್ಲರ ಹೆಸರೂ ಬಂದಿದೆಯಾ ನೋಡಿ. ಊರಿನಿಂದ ಬಂದ ನಿಮ್ಮ ಅವ್ವ, ಅಮ್ಮ, ಅತ್ತೆ, ಮಾವ ಅವರಿಗೆ ಒಂದು ಬೆಳಗು ಇದೆಯಾ ಅಂತ ನೋಡಿ. ಅವರು ಓಡಲೇಬೇಕು, ಈಜಲೇಬೇಕು ಅಂತಿಲ್ಲ. ಏನು ಬರುತ್ತೆ ಅಂತ ಒಂದು ಸಲ ಕೇಳಿ.

ನಮ್ಮವ್ವ ಇನ್ನೊಂದು ರೇಸ್ ಬೇಡ ಅಂದುಬಿಟ್ಟಿದ್ದಾಳೆ. "ಒಮ್ಮೆ ನೋಡಿದೆ, ಸಾಕು." ಈಜು ಬಿಟ್ಟಿಲ್ಲ. ಲೇಡೀಸ್ ಬ್ಯಾಚಿನ ನಾಲ್ಕು ಮರಾಠಿ ಗೆಳತಿಯರು ಮನೆಗೆ ಚಹಾಕ್ಕೆ ಬರ್ತಾರೆ. ಬೇಸಿಗೆಯಲ್ಲಿ ಎರಡು ತಿಂಗಳು ಊರಿಗೆ ಹೋಗ್ತಾಳೆ, ಹೋಗುವಾಗ ಬ್ಯಾಚಿನ ಫೀ ಕಟ್ಟಿ ಹೋಗ್ತಾಳೆ. ಮಂಗಳವಾರ, ಗುರುವಾರ ಫ್ರಿಜ್ ಮೇಲೆ ಅವಳ ಹೆಸರಿನಲ್ಲೇ ಇವೆ.

 ಪ್ರಶ್ನೆ ಇದ್ದರೆ ಕೇಳಿ. ಈಜಿನ ಬಗ್ಗೆ ಇದ್ದರೆ ಅವ್ವ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಅವಳನ್ನೇ ಕೇಳಿ.